‘ಬರಲಾಗಲಿಲ್ಲ’ ಅಂದಿದ್ದಕ್ಕೆ

ದೋಸ್ತ,

ನಿನ್ನ ಗೃಹಪ್ರವೇಶ ಮುಗಿದ ಮಾರನೇ ದಿನ ‘ಬರಲಾಗಲಿಲ್ಲ’ ಅಂತ ಮೆಸೇಜ್ ಹಾಕಿದ್ದೆ. ‘ಇದೇನು ಸರ್ಕಾರಿ ನೋಟಿಸಾ?’ ಅಂತ ಬರೆದೆ ನೀನು. ಆವತ್ತು ಸಿಟ್ಟು ಬಂತು. ಆಮೇಲೆ ಆ ಮಾತು ತಲೆಯಲ್ಲೇ ಕೂತುಬಿಟ್ಟಿತು.

ನಮ್ಮೂರ ಕೆರೆ ಏರಿ ಬಿರುಕು ಬಿಟ್ಟಿದೆ ಅಂತ ಕಚೇರಿಯೊಂದಕ್ಕೆ ಅರ್ಜಿ ಕೊಟ್ಟಿದ್ದೆ. ಏಳು ತಿಂಗಳಿಗೆ ಉತ್ತರ ಬಂತು: ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಅವ್ವನಿಗೆ ಓದಿ ಹೇಳಿದೆ. ‘ಯಾರು ಬರ್ತಾರಂತೆ?’ ಅಂದಳು. ಕಾಗದ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಯಾರೂ ಇಲ್ಲ! ಆಡುಮಾತಿನಲ್ಲಿ ನಾವು ಹೀಗೆ ಹೇಳುವುದೇ ಇಲ್ಲ, ಅಲ್ವಾ? ‘ನನ್ನಿಂದ ರೊಟ್ಟಿ ತಿನ್ನಲಾಯಿತು’ ಅಂದರೆ ಅವ್ವ ಹಣೆ ಮುಟ್ಟಿ ಜ್ವರ ನೋಡುತ್ತಾಳೆ. ಕಚೇರಿಗೆ ಮಾತ್ರ ಆ ‘ಲಾಗು’ ಇಲ್ಲದೆ ಒಂದು ದಿನವೂ ನಡೆಯಲ್ಲ. ಮಾಡುವವನೇ ಮಾತಿನಲ್ಲಿ ಇಲ್ಲದ ಮೇಲೆ ಯಾರನ್ನು ಹಿಡಿದು ಕೇಳುವುದು? ಬರಬರುತ್ತಾ ನಾವೂ ಕೇಳುವುದು ಬಿಡುತ್ತೇವೆ. ‘ಆದಾಗ ಆಗುತ್ತೆ ಬಿಡು’ ಅಂತ ಮಳೆಗೆ ಕಾದ ಹಾಗೆ ಕಾಯುತ್ತೇವೆ.

ಇಂಗ್ಲಿಷ್‌ನಲ್ಲೂ ಇದೇ ವರಸೆ. 2023ರ ಕೇಂದ್ರ ಬಜೆಟ್ ಭಾಷಣದಲ್ಲಿ ನಮ್ಮ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ‘ನೀಡಲಾಗುವುದು’ ಅಂದರು. ನಾನೂ ಖುಷಿಪಟ್ಟವನೇ. ಎರಡು ವರ್ಷ ಆದಮೇಲೂ ರಾಜ್ಯದವರು ‘ದುಡ್ಡು ಬಂದಿಲ್ಲ’ ಅಂತಲೇ ಇದ್ದರು.

ಕೇಟ್ಲಿನ್ ಫಾಸಿ, ಲೆರಾ ಬೊರೊಡಿಟ್ಸ್ಕಿ ಅನ್ನುವ ಮನಃಶಾಸ್ತ್ರ ಸಂಶೋಧಕರು 2011ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದಿದ್ದಾರೆ. ಕೈತಪ್ಪಿ ಏನೋ ಒಡೆಯುವಂಥ ವಿಡಿಯೋಗಳನ್ನು ಜನರಿಗೆ ತೋರಿಸಿದರು. ಸ್ಪ್ಯಾನಿಷ್ ಆಡುವವರು ‘ಅವನು ಒಡೆದ’ ಅನ್ನುವುದು ಕಮ್ಮಿ, ‘ಒಡೆಯಿತು’ ಅನ್ನುವುದು ಜಾಸ್ತಿ. ಯಾರು ಮಾಡಿದ್ದು ಅನ್ನುವ ನೆನಪೂ ಅವರಿಗೆ ಇಂಗ್ಲಿಷಿನವರಿಗಿಂತ ಕಮ್ಮಿ ಇತ್ತು. ಬೇಕಂತಲೇ ಮಾಡಿದ್ದಾದರೆ ಇಬ್ಬರ ನೆನಪೂ ಸಮ. ನಮ್ಮನೆಯಲ್ಲೂ ಲೋಟ ತಾನಾಗಿಯೇ ‘ಒಡೆಯುತ್ತದೆ’ ತಾನೆ? ಆರನೇ ಕ್ಲಾಸಿನಲ್ಲಿ ನಿನ್ನ ಸೈಕಲ್ಲೂ ಹಾಗೇ ತಾನಾಗಿ ‘ಬಿತ್ತು’. ಈಗ ಹೇಳುತ್ತೇನೆ, ಬೀಳಿಸಿದ್ದು ನಾನೇ.

ಇನ್ನೊಂದೂ ಹೇಳಿಬಿಡುತ್ತೇನೆ. ಆವತ್ತು ಬಸ್ ಇತ್ತು. ದುರ್ಗದಿಂದ ದಾವಣಗೆರೆ ಏನು ಮಹಾ ದೂರ, ಅರವತ್ತು ಕಿಲೋಮೀಟರ್. ನಿನ್ನ ಹತ್ತಿರ ತಗೊಂಡ ಸಾಲ ತೀರಿಸಿರಲಿಲ್ಲ. ನಿಮ್ಮಣ್ಣ ಎಲ್ಲರೆದುರು ಕೇಳಿಬಿಟ್ಟರೆ ಅಂತ ಹೆದರಿದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮನೆಯಲ್ಲೇ ಕೂತಿದ್ದೆ. ನಾನು ಬರಲಿಲ್ಲ ಕಣೋ.

ಭಾನುವಾರ ಬೆಳಗ್ಗೆ ಬರುತ್ತೇನೆ. ಸದ್ಯಕ್ಕೆ ಅರ್ಧ ದುಡ್ಡು ತರುತ್ತೇನೆ. ಬೆಣ್ಣೆ ದೋಸೆ ನೀನೇ ಕೊಡಿಸು.