ಕಾರಿಗೆ ಜಾಗ ಇದೆ, ಸೊಪ್ಪಿನ ಬುಟ್ಟಿಗೆ ಇಲ್ವಾ?

ಮಾನ್ಯರೇ,

ಗೋಕುಲಂನ ನಮ್ಮ ಮನೆ ಮಹಡಿಯಲ್ಲಿ ಯೋಗ ಕಲಿಯಲು ಬಂದವರು ಬಾಡಿಗೆಗೆ ಇರುತ್ತಾರೆ. ಅಷ್ಟಾಂಗ ಯೋಗದ ಗುರು ಪಟ್ಟಾಭಿ ಜೋಯಿಸರು ಮೈಸೂರಿನದೇ ಲಕ್ಷ್ಮೀಪುರಂನಿಂದ ಇಲ್ಲಿಗೆ ಯೋಗಶಾಲೆ ತಂದ ಮೇಲೆ ಬಡಾವಣೆಯ ಚಹರೆಯೇ ಬದಲಾಯಿತು. ಎಲ್ಲಿ ನೋಡಿದರೂ ಕೆಫೆ, ಬೆಳಿಗ್ಗೆ ಎಳನೀರಿನ ಗಾಡಿ ಸುತ್ತ ದೇಶ ದೇಶದ ಜನ. ಒಳ್ಳೆಯದೇ. ನಮಗೂ ಬಾಡಿಗೆ ಬರುತ್ತದೆ ಅಲ್ವಾ!

ಹೊಸದಾಗಿ ಬಂದವರಿಗೆ, ಅರಮನೆ ಆಮೇಲೆ ನೋಡಿ ಅಂತ ಹೇಳಿ, ಸಂಜೆ ಒಂಟಿಕೊಪ್ಪಲು ಕಡೆಗೆ ನಡೆಸಿಕೊಂಡು ಹೋಗುತ್ತೇನೆ. ನಾನು ಸೊಪ್ಪು ಕೊಳ್ಳುವ ಅಮ್ಮ ಹಸಿ ಗೋಣಿಚೀಲದ ಮೇಲೆ ಸಬ್ಬಸಿಗೆ, ದಂಟು, ಮೆಂತ್ಯ ಜೋಡಿಸಿ ನೀರು ಚಿಮುಕಿಸುತ್ತಾ ಕೂತಿರುತ್ತಾರೆ. ಕಟ್ಟು ಬಿಚ್ಚಿ ನೋಡಿದರೆ ರೇಗುತ್ತಾರೆ. ರೇಗಿದ ಮೇಲೆ ಕೊಸರಿಗೆ ಒಂದು ಹಿಡಿ ಕರಿಬೇವನ್ನೂ ಹಾಕುತ್ತಾರೆ. ಪಕ್ಕದ ಹೂವಿನವರು ಮಲ್ಲಿಗೆ ಮೊಳ ಹಾಕುವಾಗ ಮೊಣಕೈ ಎಷ್ಟು ಮಡಚುತ್ತಾರೆ ಅಂತ ನೋಡುವುದೇ ಒಂದು ತಮಾಷೆ. ಅವರೆಕಾಯಿ ಕಾಲದಲ್ಲಂತೂ ಆ ಸೊಗಡಿಗೇ ಜನ ನಿಲ್ಲುತ್ತಾರೆ.

ಈಚೆಗೆ ಪಾಲಿಕೆಯವರು ಈ ವ್ಯಾಪಾರಿಗಳನ್ನು ಎಬ್ಬಿಸುವುದು ಜಾಸ್ತಿಯಾಗಿದೆ. ಫುಟ್‌ಪಾತ್‌ಗೆ ಅಡ್ಡ ಅನ್ನುತ್ತಾರೆ. ಸರಿ, ನಡೆಯುವವರಿಗೆ ಜಾಗ ಬೇಕು, ನನ್ನ ಮಂಡಿನೋವಿಗೆ ಬೇಕೇ ಬೇಕು. ಆದರೆ ಅದೇ ಫುಟ್‌ಪಾತ್ ಮೇಲೆ ಕೆಫೆಗೆ ಬಂದವರ ಕಾರು ಎರಡು ಚಕ್ರ ಏರಿಸಿ ನಿಂತಿರುತ್ತದೆ. ನಾನು ರಸ್ತೆಗೆ ಇಳಿಯಬೇಕಾಗಿ ಬರುವುದು ಕಾರಿನ ದೆಸೆಯಿಂದ, ಸೊಪ್ಪಿನ ಬುಟ್ಟಿಯಿಂದಲ್ಲ. ಮೊನ್ನೆ ಆ ಅಮ್ಮನ ಛತ್ರಿ, ಬುಟ್ಟಿ, ಸೊಪ್ಪು ಎಲ್ಲವನ್ನೂ ಗಾಡಿಗೆ ಎತ್ತಿ ಹಾಕಿಕೊಂಡು ಹೋದರು. ಕಾರುಗಳ ಗೊಡವೆಗೆ ಯಾರೂ ಹೋಗಲಿಲ್ಲ.

2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಇರುವುದು ಸುಮ್ನೆ ಅಲ್ಲ. ವ್ಯಾಪಾರಿಗಳ ಸಮೀಕ್ಷೆ ಮುಗಿಸಿ ಎಲ್ಲರಿಗೂ ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಜಾಗ ಬದಲಿಸಬೇಕಾದರೆ 30 ದಿನ ಮೊದಲೇ ನೋಟಿಸ್ ಕೊಡಬೇಕು. ಕೊಳೆಯುವ ಮಾಲು ಎತ್ತಿಕೊಂಡು ಹೋದರೆ, ವ್ಯಾಪಾರಿ ಬಂದು ಕೇಳಿದ ದಿನವೇ ಹಿಂದಿರುಗಿಸಬೇಕು. ಎರಡು ದಿನ ಅಲೆಸಿ ಕೊಟ್ಟ ಸೊಪ್ಪನ್ನು ಹಸುವೂ ಮೂಸುವುದಿಲ್ಲ.

ಇದೇ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟಾದರೂ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಆ ಸಮಿತಿಯವರು ಒಂದು ಸಂಜೆ ಇಲ್ಲಿಗೇ ಬಂದು ನೋಡಲಿ. ಮೊದಲು ಕಾರು ಇಳಿಸಲಿ. ಆಮೇಲೆ ನಡೆಯುವವರಿಗೆ ದಾರಿ ಬಿಟ್ಟು, ವ್ಯಾಪಾರಕ್ಕೆ ಇಷ್ಟು ಜಾಗ ಅಂತ ಗೆರೆ ಎಳೆಯಲಿ.

ಇನ್ನೊಂದು ಮಾತು. ಮಧ್ಯಾಹ್ನ ಬಂದು ಕೂತ ಹೆಂಗಸರು ರಾತ್ರಿ ಮನೆಗೆ ಹೋಗುವ ತನಕ ನೀರು ಕುಡಿಯಲೂ ಹಿಂಜರಿಯುತ್ತಾರೆ. ಹತ್ತಿರದಲ್ಲಿ ಶೌಚಾಲಯ ಇಲ್ಲ. ಒಂದು ಕೆಫೆಯವರನ್ನು ಕೇಳಿದೆ, ನಮ್ಮದನ್ನೇ ಬಳಸಲಿ ಅಂದರು. ಉಳಿದ ಕೆಫೆಯವರೂ ಒಪ್ಪಿದರೆ ಉಪಕಾರವಾಗುತ್ತದೆ.

– ಓದುಗಿ, ಗೋಕುಲಂ, ಮೈಸೂರು