ತಡೆಗೋಡೆಯ ಮದ್ದನ್ನು ಅಲ್ಲಿನ ನೀರಿನಲ್ಲೇ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಕಲುಷಿತ ಅಂತರ್ಜಲ ಹರಡದಂತೆ ಮಣ್ಣಿನೊಳಗೆ ದ್ರಾವಣ ಒತ್ತಿ ತಡೆಗೋಡೆ ಕಟ್ಟುವ ಕ್ರಮದ ಕುರಿತು ತಮ್ಮಲ್ಲಿ ಪ್ರಕಟವಾದ ಲೇಖನ ಸಕಾಲಿಕವಾಗಿತ್ತು. ಆದರೆ ಒತ್ತುವ ವಸ್ತು ನೆಲದಡಿಯಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನು ಅದು ಒಂದೇ ಸಾಲಿನಲ್ಲಿ ಮುಗಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿದ್ದಾಗ, ನುಣ್ಣನೆಯ ಮರಳು ತುಂಬಿದ ಗಾಜಿನ ಕೊಳವೆಗೆ ಸಿಮೆಂಟ್ ಹಾಲು ಒತ್ತಿ ನೋಡಿದ್ದೆವು. ನಾಲ್ಕು ಬೆರಳಿನಷ್ಟು ಇಳಿಯುವುದರೊಳಗೆ ಅದು ನಿಂತುಬಿಟ್ಟಿತು. ಕೆಳಗೆ ತೊಟ್ಟಿಕ್ಕಿದ್ದು ಬರೀ ತಿಳಿನೀರು. ಮರಳೇ ಜರಡಿಯಾಗಿ ಕಣಗಳನ್ನು ಹಿಡಿದಿಟ್ಟಿತ್ತು. ಇಂಥ ನೆಲಕ್ಕೆ ಸೋಡಿಯಂ ಸಿಲಿಕೇಟ್, ಕಲಿಲ ಸಿಲಿಕಾ (ನೀರಿನಲ್ಲಿ ತೇಲುವ ಅತಿ ಸೂಕ್ಷ್ಮ ಸಿಲಿಕಾ ಕಣಗಳು) ಇಂತಹ, ನೀರಿನಷ್ಟೇ ತೆಳುವಾಗಿ ಹರಿದು ಆಮೇಲೆ ಹೆಪ್ಪುಗಟ್ಟುವ ದ್ರಾವಣಗಳೇ ಬೇಕು.

ಹೆಪ್ಪುಗಟ್ಟದೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ, ಹೀಗೆಯೇ ನೆಲದೊಳಗೆ ಒತ್ತುವ ಇನ್ನೊಂದು ರಾಸಾಯನಿಕವಾದ ಅಕ್ರಿಲಮೈಡ್ ಸಾಕ್ಷಿ. ಪೂರ್ತಿ ಗಟ್ಟಿಯಾದ ಮೇಲೆ ಹೆಚ್ಚುಕಡಿಮೆ ನಿರಪಾಯಕಾರಿಯಾದ ಈ ವಸ್ತು, ಗಟ್ಟಿಯಾಗುವ ಮೊದಲು ನರಮಂಡಲಕ್ಕೆ ವಿಷ. 1974ರಲ್ಲಿ ಜಪಾನಿನ ಫುಕುವೋಕಾ ಪ್ರಾಂತ್ಯದಲ್ಲಿ ಅದು ಬಾವಿಗೆ ಸೇರಿ, ಆ ನೀರು ಕುಡಿದ ಒಂದೇ ಮನೆಯ ಐವರು ಅಸ್ವಸ್ಥರಾದರು. 1997ರಲ್ಲಿ ಸ್ವೀಡನ್ನಿನ ಹಾಲಂಡ್ಸೋಸ್ ಸುರಂಗದಲ್ಲಿ ನೀರು ಸೋರುವುದನ್ನು ತಡೆಯಲು ಇದೇ ಜಾತಿಯ ವಸ್ತು ಬಳಸಿದಾಗ ಮೀನುಗಳು ಸತ್ತವು, ಹಸುಗಳು ಕಾಲು ಸೋತು ಬಿದ್ದವು. ಎರಡೂ ಕಡೆ ವಿಷ ಬಂದದ್ದು ನೀರು ತಡೆಯಲೆಂದು ತುಂಬಿದ ಮದ್ದಿನಿಂದಲೇ.

ಸಿಲಿಕಾ ಅಷ್ಟು ಅಪಾಯಕಾರಿಯಲ್ಲ, ನಿಜ. ಆದರೆ ಅದು ಹೆಪ್ಪುಗಟ್ಟುವ ವೇಳೆ ನೀರಿನ ಉಪ್ಪು ಮತ್ತು ಆಮ್ಲೀಯತೆಯನ್ನು ಅವಲಂಬಿಸಿರುತ್ತದೆ. ನಲ್ಲಿ ನೀರಿನಲ್ಲಿ ಒಂದು ಗಂಟೆ ಹಿಡಿದದ್ದು ಉಪ್ಪು ತುಂಬಿದ ತ್ಯಾಜ್ಯನೀರಿನಲ್ಲಿ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗಿ, ದ್ರಾವಣ ಒತ್ತುವ ಕೊಳವೆಯ ಬಾಯಲ್ಲೇ ಕಟ್ಟಿಕೊಳ್ಳಬಹುದು. ತೀವ್ರ ಕ್ಷಾರವಿರುವಲ್ಲಿ, ಕಟ್ಟಿದ ಹೆಪ್ಪೇ ನಿಧಾನವಾಗಿ ಕರಗಬಹುದು. ಆದ್ದರಿಂದ, ಯಾವ ಜಾಗದಲ್ಲಿ ಗೋಡೆ ಬೇಕೋ ಅದೇ ಜಾಗದ ಮಣ್ಣು ಮತ್ತು ಕಲುಷಿತ ನೀರಿನಲ್ಲಿ ಪರೀಕ್ಷೆ ನಡೆಸುವುದು ಗುತ್ತಿಗೆಯ ಷರತ್ತಾಗಬೇಕು.

ಗೋಡೆಯ ಬುಡದ ಬಗ್ಗೆಯೂ ಒಂದು ಮಾತು. ಲೋಹದ ಜಿಡ್ಡು ತೊಳೆಯುವ ಟ್ರೈಕ್ಲೋರೋಎಥಿಲೀನ್‌ನಂತಹ ದ್ರಾವಕಗಳು ನೀರಿಗಿಂತ ಭಾರವಾದ್ದರಿಂದ ತಳಕ್ಕೇ ಇಳಿಯುತ್ತವೆ. ಗೋಡೆ ಕೆಳಗಿನ ಜೇಡಿಪದರದೊಳಗೆ ನಾಟಿಕೊಳ್ಳದಿದ್ದರೆ ಅವು ಅಡಿಯಿಂದಲೇ ನುಸುಳುತ್ತವೆ. ತಡೆದ ನೀರು ಹಿಂದೆ ಏರಿ ಪಕ್ಕದಿಂದ ಸುತ್ತಿಕೊಂಡು ಹೋಗುವುದೂ ಉಂಟು. ಹೀಗಾಗಿ ಗೋಡೆಯ ಎರಡೂ ಬದಿಯಲ್ಲಿ ವೀಕ್ಷಣಾ ಬಾವಿಗಳಿರಬೇಕು, ಅವುಗಳ ನೀರಿನ ಮಟ್ಟ ಮತ್ತು ಪರೀಕ್ಷಾ ವರದಿ ಸುತ್ತಲಿನ ಬಾವಿಗಳ ನೀರು ಕುಡಿಯುವವರ ಕೈಗೂ ಸಿಗಬೇಕು.

– ನಿವೃತ್ತ ಮಣ್ಣು ಪರೀಕ್ಷಕ