ಮಗಳಿಗೊಂದು ಪತ್ರ: ಮುಖ ಮಸುಕು ಮಾಡಿದರೆ ಸಾಕೇ?

ಮಡಿಕೇರಿ

ಪ್ರೀತಿಯ ಮಗಳೇ,

ಸಂಸಾರದ ಜಗಳ ಬಿಡಿಸುವ ಟಿವಿ ಕಾರ್ಯಕ್ರಮದವರು ನಿನ್ನ ಗೆಳತಿಯನ್ನು ಕರೆದಿದ್ದಾರೆ, ಹೋಗಬಹುದಾ ಎಂದು ಕೇಳಿದ್ದೀಯ. ಬೇಡ ಅಂತಲೇ ನನ್ನ ಮಾತು. ತೀರ್ಮಾನ ಅವಳದ್ದು.

ಇಂಥ ಕಾರ್ಯಕ್ರಮ ಶುರುವಾಗುವುದು ಸ್ಟುಡಿಯೋದಲ್ಲಲ್ಲ, ಫೋನಿನಲ್ಲಿ. ತಂಡದವರು ಅಕ್ಕಾ ಅಂತ ಕರೆದು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾರೆ. ಹೇಳಿದ್ದೆಲ್ಲ ನಿರೂಪಕರ ಕೈಯ ಕಾರ್ಡಿಗೆ ಪ್ರಶ್ನೆಯಾಗಿ ಇಳಿಯುತ್ತದೆ. ಗಂಡನ ಕಡೆಯವರ ಹತ್ತಿರವೂ ಅಷ್ಟೇ ಸಲುಗೆಯಿಂದ ಮಾತಾಡಿರುತ್ತಾರೆ. ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸುವುದು ಸೌಜನ್ಯಕ್ಕಲ್ಲ. ಮೊದಲ ಸಿಟ್ಟು, ಮೊದಲ ಅಳು ಕ್ಯಾಮೆರಾ ಮುಂದೆಯೇ ಬರಲಿ ಅಂತ. ಬಟ್ಟೆಗೆ ಸಿಕ್ಕಿಸಿದ ಮೈಕು ವಿರಾಮದಲ್ಲೂ ಆನ್ ಇರಬಹುದು. ಎಡಿಟಿಂಗಿನಲ್ಲಿ "ತಪ್ಪು ನನ್ನದೂ ಇದೆ" ಎಂಬ ವಾಕ್ಯ ಉಳಿದು, ಅದರ ಹಿಂದಿನ ಕಾರಣ ಕತ್ತರಿಗೆ ಬಿದ್ದರೆ ಕೇಳುವವರಿಲ್ಲ.

ಮುಖ ಮಸುಕು ಮಾಡುತ್ತೇವೆ ಅನ್ನುತ್ತಾರಂತೆ. ಬೆಂಗಳೂರಿನಲ್ಲಿ ಅದು ನಡೆದೀತು, ಕೊಡಗಿನಲ್ಲಿ ನಡೆಯದು. ಹಿನ್ನೆಲೆಯಲ್ಲಿ ಐನ್‌ಮನೆಯ (ಕುಟುಂಬದ ಮೂಲ ಮನೆಯ) ಕೈಯಾಲೆ, ಅಂದರೆ ಜಗುಲಿ, ಒಂದು ಕ್ಷಣ ಕಂಡರೆ ಸಾಕು, ಮನೆ ಹೆಸರೊಂದು ಬಾಯಿತಪ್ಪಿ ಬಂದರೆ ಸಾಕು; ಮುಖ ಯಾರಿಗೆ ಬೇಕು? ನಮ್ಮ ಕಡೆ ಆಡುವ ಅರೆಭಾಷೆಯ ಧಾಟಿಯೇ ಊರು ಹೇಳಿಬಿಡುತ್ತದೆ. ಗೋಣಿಕೊಪ್ಪದ ಸಂತೆಯಲ್ಲಿ ಮರುವಾರ ಅದೇ ಮಾತು. ತುಣುಕು ಯೂಟ್ಯೂಬಿನಲ್ಲಿ ಉಳಿಯುತ್ತದೆ, ಅದಕ್ಕೆ ತಲೆಬರಹ ಕೊಡುವವಳು ಅವಳಲ್ಲ.

ವಿಚಿತ್ರ ನೋಡು. ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ವಿಚ್ಛೇದನದ ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯಬೇಕು, ಅದನ್ನು ಪ್ರಕಟಿಸುವಂತಿಲ್ಲ. ಕಾನೂನು ಹಾಕಿದ ಬಾಗಿಲನ್ನು ಇವಳೇ ತೆರೆದು ಕೊಟ್ಟಂತಾಗುತ್ತದೆ. ನಾಳೆ ಎದುರಾಳಿ ವಕೀಲರು ಆ ರೆಕಾರ್ಡಿಂಗ್ ಹಿಡಿದೇ ಪ್ರಶ್ನೆ ಕೇಳಬಹುದು.

ಹೋಗಲೇಬೇಕು ಅಂದರೆ ಒಪ್ಪಿಗೆ ಪತ್ರವನ್ನು ಎರಡು ದಿನ ಮೊದಲೇ ತರಿಸಿಕೊಳ್ಳಲಿ, ಮೇಕಪ್ ಕುರ್ಚಿಯಲ್ಲಿ ಕೂತು ಸಹಿ ಹಾಕುವುದು ಬೇಡ. "ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ" ಎಂಬ ಸಾಲಿದ್ದರೆ ಹೊಡೆದುಹಾಕಿಸಲಿ. ಮಗುವಿನ ಹೆಸರು, ಫೋಟೊ, ಶಾಲೆ ಯಾವುದೂ ಬರಕೂಡದೆಂದು ಬರೆಸಿಕೊಳ್ಳಲಿ.

ಪ್ರಸಾರವಾದ ಮೇಲೆ ತಕರಾರಿದ್ದರೆ 2021ರ ಕೇಬಲ್ ಟಿವಿ ನಿಯಮಗಳಲ್ಲಿ ದಾರಿಯಿದೆ: ಮೊದಲು ಚಾನೆಲ್‌ಗೇ ಬರವಣಿಗೆಯಲ್ಲಿ ದೂರು. ಅವರು 15 ದಿನದೊಳಗೆ ತೀರ್ಮಾನಿಸಬೇಕು. ಒಪ್ಪಿಗೆಯಾಗದಿದ್ದರೆ ಇನ್ನು 15 ದಿನದೊಳಗೆ ಚಾನೆಲ್‌ಗಳ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಅಷ್ಟರಲ್ಲಿ ಊರೆಲ್ಲ ನೋಡಿ ಮುಗಿಸಿರುತ್ತದೆ, ಅದು ಬೇರೆ.

ಅವಳಿಗೆ ಬೇಕಿರುವುದು ರಾಜಿಯಾದರೆ ಮಡಿಕೇರಿಯಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ವಕೀಲರ ನೆರವು ಉಚಿತ. ಫೋನು 15100. ಟಿವಿಯವರು ಮತ್ತೆ ಕರೆದರೆ "ಮೊದಲು ಒಪ್ಪಿಗೆ ಪತ್ರ ಕಳಿಸಿ" ಅಂತಷ್ಟೇ ಹೇಳಿ ಇಟ್ಟುಬಿಡಲಿ.

ನಿನ್ನ
ಅಮ್ಮ